ಆಟಕ್ಕುಂಟು, ಲೆಕ್ಕಕ್ಕಿಲ್ಲ: ಬೇಸ್‌ಬಾಲ್‌ನ ವಸಂತವೂ ತಲೆಯಾಡಿಸುವ ಗೊಂಬೆಯೂ

ಕೇರಿಯ ಮಕ್ಕಳು ಆಟಕ್ಕೆ ನಿಂತಾಗ ನಡುವೆ ನುಗ್ಗುವ ನಾಲ್ಕು ವರ್ಷದ ತಮ್ಮನನ್ನೋ ತಂಗಿಯನ್ನೋ ಅಳಿಸಿ ಕಳಿಸುವಂತಿಲ್ಲ; ಹಾಗೆಂದು ಪೂರ್ತಿಯಾಗಿ ಸೇರಿಸಿಕೊಳ್ಳುವಂತೆಯೂ ಇಲ್ಲ. ಅಂಥ ಮಗುವಿಗಾಗಿಯೇ ಹುಟ್ಟಿಕೊಂಡ ನಿಯಮ ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’. ಆ ಮಗು ಓಡುತ್ತದೆ, ಕೂಗುತ್ತದೆ, ಸಿಕ್ಕಿಬೀಳುತ್ತದೆ, ಆದರೆ ಔಟಾಗುವುದಿಲ್ಲ. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಪ್ರತಿವರ್ಷ ಫೆಬ್ರುವರಿಯ ಕೊನೆಯಿಂದ ಮಾರ್ಚ್ ಕೊನೆಯವರೆಗೆ, ಕೋಟಿಗಟ್ಟಲೆ ಡಾಲರ್ ಒಪ್ಪಂದವಿರುವ ಆಟಗಾರರೂ ಇದೇ ನಿಯಮದಡಿ ಆಡುತ್ತಾರೆ. ಗೆದ್ದರೆ ಅಂಕಪಟ್ಟಿಗೆ ಸೇರುವುದಿಲ್ಲ, ಹೊಡೆದ ಹೋಮ್ ರನ್ (ಚೆಂಡನ್ನು ಅಂಗಣದಾಚೆಗೆ ಅಟ್ಟುವ, ನಮ್ಮ ಸಿಕ್ಸರಿನಂಥ ಹೊಡೆತ) ದಾಖಲೆಗೆ ಹೋಗುವುದಿಲ್ಲ, ಪಂದ್ಯ ಸಮವಾದರೆ ಸಮವಾಗಿಯೇ ಮುಗಿಸಿ ಎಲ್ಲರೂ ಎದ್ದು ಹೋಗುತ್ತಾರೆ. ಆದರೂ ಆ ಪಂದ್ಯಗಳಿಗೆ ಟಿಕೆಟ್ ಮಾರಾಟವಾಗುತ್ತದೆ. ಸಾವಿರಾರು ಕಿಲೋಮೀಟರ್ ದೂರದಿಂದ ಜನ ರಜೆ ಹಾಕಿ ಬರುತ್ತಾರೆ. ಮುಂದೆ ಲೆಕ್ಕದ ಪಂದ್ಯಗಳು ಶುರುವಾದ ಮೇಲೆ ಇದೇ ಜನ, ಗೇಣುದ್ದದ ಪುಕ್ಕಟೆ ಗೊಂಬೆಯೊಂದಕ್ಕಾಗಿ ಕ್ರೀಡಾಂಗಣದ ಗೇಟಿನ ಮುಂದೆ ಗಂಟೆಗಟ್ಟಲೆ ಬಿಸಿಲಿನಲ್ಲಿ ಸಾಲು ನಿಲ್ಲುತ್ತಾರೆ.

ಹೊರಗಿನಿಂದ ನೋಡುವವರಿಗೆ ಎರಡೂ ಹುಚ್ಚಾಟವಾಗಿ ಕಾಣಬಹುದು. ಆದರೆ ಎರಡಕ್ಕೂ ಬೇರು ಒಂದೇ, ಮತ್ತು ಆ ಬೇರು ಒಂದು ಸಂಖ್ಯೆಯಲ್ಲಿದೆ: 162. ಮೇಜರ್ ಲೀಗಿನ 30 ತಂಡಗಳಲ್ಲಿ ಪ್ರತಿಯೊಂದೂ ಒಂದು ಋತುವಿನಲ್ಲಿ 162 ಪಂದ್ಯ ಆಡುತ್ತದೆ. ಅದರಲ್ಲಿ 81 ತವರಿನಲ್ಲಿ. ನಮ್ಮ ಐಪಿಎಲ್ ತಂಡವೊಂದು ಲೀಗ್ ಹಂತದಲ್ಲಿ ಆಡುವುದು 14 ಪಂದ್ಯ, ತವರಿನಲ್ಲಿ ಏಳು. ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಇರುವುದು 17. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಬೇಸ್‌ಬಾಲ್ ಹೆಚ್ಚುಕಡಿಮೆ ದಿನವೂ ನಡೆಯುತ್ತದೆ. ಅಲ್ಲಿನ ಮನೆಗಳಲ್ಲಿ ಸಂಜೆಯ ರೇಡಿಯೊ ದನಿಯಂತೆ, ಕೇಳದಿದ್ದರೂ ಕಿವಿಗೆ ಬೀಳುತ್ತಿರುತ್ತದೆ. ಹೀಗೆ ದಿನಚರಿಯೇ ಆಗಿಬಿಟ್ಟ ಆಟ, ಅಕ್ಟೋಬರಿನ ಪ್ರಶಸ್ತಿ ಪಂದ್ಯಗಳೂ ಮುಗಿದು ನವೆಂಬರಿನಲ್ಲಿ ಒಮ್ಮೆಲೇ ನಿಂತಾಗ ಮೂರೂವರೆ ತಿಂಗಳ ನಿಶ್ಶಬ್ದ ಉಂಟಾಗುತ್ತದೆ. ವಸಂತದ ಸಂಭ್ರಮಕ್ಕೆ ಕಾರಣ ಆ ನಿಶ್ಶಬ್ದ. ಗೊಂಬೆ ಹಂಚುವ ಪದ್ಧತಿಗೆ ಕಾರಣ ಅದರ ತದ್ವಿರುದ್ಧದ ಸಂಕಟ, ಅಂದರೆ 81 ದಿನ ನಲವತ್ತು ಸಾವಿರ ಕುರ್ಚಿ ತುಂಬಿಸಬೇಕಾದ ಸಂಕಟ.

ಮೊದಲು ವಸಂತದ ವಿಷಯ. ಇದರ ಇಂಗ್ಲಿಷ್ ಹೆಸರು ಸ್ಪ್ರಿಂಗ್ ಟ್ರೈನಿಂಗ್. ಸ್ಪ್ರಿಂಗು ಎಂದರೆ ಬಾಲ್‌ಪೆನ್ನಿನ ಒಳಗಿನ ಸುರುಳಿ ಎಂದೇ ತಿಳಿದು ಬೆಳೆದ ನಮ್ಮಂಥವರಿಗೆ ಇದು ಯಾವುದೋ ವ್ಯಾಯಾಮದ ಹೆಸರಿನಂತೆ ಕೇಳಿಸಿದರೆ ತಪ್ಪಿಲ್ಲ. ಆ ಸುರುಳಿಯೂ ಈ ಕಥೆಯಲ್ಲಿ ಮುಂದೆ ಬರಲಿದೆ. ನಾಟಕ ಕಂಪನಿಯವರ ಮಾತಿನಲ್ಲಿ ಹೇಳುವುದಾದರೆ ಇದು ತಾಲೀಮು. ಫೆಬ್ರುವರಿ ನಡುವಿನಲ್ಲಿ ಮೊದಲು ಬಂದು ಸೇರುವವರು ಪಿಚರ್‌ಗಳು ಮತ್ತು ಕ್ಯಾಚರ್‌ಗಳು, ಅಂದರೆ ಚೆಂಡು ಎಸೆಯುವವರು ಮತ್ತು ಬ್ಯಾಟರ್‌ನ ಹಿಂದೆ ಕುಳಿತು ಅದನ್ನು ಹಿಡಿಯುವವರು. ಉಳಿದವರು ಕೆಲವು ದಿನಗಳ ನಂತರ ಬರುತ್ತಾರೆ. ಗಂಟೆಗೆ 150 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಚೆಂಡು ಎಸೆಯುವ ತೋಳನ್ನು ಚಳಿಗಾಲದ ವಿಶ್ರಾಂತಿಯಿಂದ ಒಮ್ಮೆಲೇ ಎಬ್ಬಿಸುವಂತಿಲ್ಲ. ಬೇಸ್‌ಬಾಲ್ ಪಂದ್ಯಕ್ಕೆ ಒಂಬತ್ತು ಇನ್ನಿಂಗ್ಸ್; ಮೊದಲ ಪಂದ್ಯದಲ್ಲಿ ಒಂದೆರಡು ಇನ್ನಿಂಗ್ಸ್, ವಾರದ ನಂತರ ಮೂರು, ಹೀಗೆ ಏರಿಸುತ್ತ ಐದಾರು ಇನ್ನಿಂಗ್ಸ್ ಎಸೆಯುವ ಮಟ್ಟಕ್ಕೆ ತರಲು ಐದಾರು ವಾರ ಬೇಕು. ಒಟ್ಟಾರೆ ತಾಲೀಮಿನ ಅವಧಿಯನ್ನು ನಿರ್ಧರಿಸುವುದು ಈ ತೋಳೇ; ಬ್ಯಾಟರ್‌ಗಳಿಗೆ ಅಷ್ಟು ದಿನ ಬೇಕಾಗುವುದಿಲ್ಲವೆಂದು ಅವರೇ ಗೊಣಗುವುದುಂಟು.

ತಾಲೀಮು ನಡೆಯುವುದು ಬೆಚ್ಚಗಿನ ಊರುಗಳಲ್ಲಿ. ಫ್ಲೋರಿಡಾದಲ್ಲಿ 15 ತಂಡಗಳು, ಅರಿಜೋನಾದಲ್ಲಿ 15 ತಂಡಗಳು. ಮೊದಲನೆಯದನ್ನು ಗ್ರೇಪ್‌ಫ್ರೂಟ್ ಲೀಗ್ ಎಂದೂ ಎರಡನೆಯದನ್ನು ಕ್ಯಾಕ್ಟಸ್ ಲೀಗ್ ಎಂದೂ ಕರೆಯುತ್ತಾರೆ. ಗ್ರೇಪ್‌ಫ್ರೂಟ್ ಎಂದರೆ ನಮ್ಮ ಚಕ್ಕೋತದ ಹತ್ತಿರದ ಬಳಗದ ಹಣ್ಣು. ಆ ಹೆಸರಿನ ಹಿಂದೆ ಹೇಳುವ ಕಥೆ 1915ರದ್ದು. ಡೇಟೋನಾ ಬೀಚ್‌ನಲ್ಲಿ ತಾಲೀಮು ನಡೆಸುತ್ತಿದ್ದ ಬ್ರೂಕ್ಲಿನ್ ತಂಡದ ಮ್ಯಾನೇಜರ್ ವಿಲ್ಬರ್ಟ್ ರಾಬಿನ್ಸನ್, ವಿಮಾನದಿಂದ ಬೀಳಿಸಿದ ಚೆಂಡನ್ನು ತಾನು ಹಿಡಿಯುವುದಾಗಿ ಪಂಥ ಕಟ್ಟಿದ. ವಿಮಾನ ಹಾರಿಸಿದ ರೂತ್ ಲಾ ಚೆಂಡನ್ನು ತರಲು ಮರೆತು, ಕೈಗೆ ಸಿಕ್ಕ ಗ್ರೇಪ್‌ಫ್ರೂಟನ್ನೇ ಬೀಳಿಸಿದರು. ಹಣ್ಣು ಒಡೆದು ಮೈಮೇಲೆ ರಸ ಚೆಲ್ಲಿದಾಗ ರಾಬಿನ್ಸನ್ ಅದನ್ನು ತನ್ನ ರಕ್ತವೆಂದು ತಿಳಿದು ಸತ್ತೆನೆಂದು ಕೂಗಿಕೊಂಡನಂತೆ. ಹೆಸರು ಅಲ್ಲಿಂದಲೇ ಬಂದಿತೋ, ಫ್ಲೋರಿಡಾದ ತೋಟಗಳಿಂದ ಬಂದಿತೋ, ಕಥೆ ಮಾತ್ರ ಬಿಡಲಾಗದಷ್ಟು ಚೆನ್ನಾಗಿದೆ.

ಈ ಪದ್ಧತಿಯ ಆರಂಭದಲ್ಲಿ ಸಂಭ್ರಮಕ್ಕಿಂತ ಚಿಕಿತ್ಸೆಯ ಅಂಶವೇ ಹೆಚ್ಚಾಗಿತ್ತು. 1886ರಲ್ಲಿ ಷಿಕಾಗೊದ ವೈಟ್ ಸ್ಟಾಕಿಂಗ್ಸ್ ತಂಡವನ್ನು ಆರ್ಕನ್ಸಾ ರಾಜ್ಯದ ಹಾಟ್ ಸ್ಪ್ರಿಂಗ್ಸ್ ಎಂಬ ಬಿಸಿನೀರ ಬುಗ್ಗೆಗಳ ಊರಿಗೆ ಕರೆದೊಯ್ದದ್ದು, ಚಳಿಗಾಲವಿಡೀ ಆಟಗಾರರ ಮೈಗಿಳಿದ ಬಿಯರನ್ನೂ ಬೊಜ್ಜನ್ನೂ ಬೆವರಿಳಿಸಿ ಹೊರಹಾಕಲು. ಕ್ಯಾಕ್ಟಸ್ ಲೀಗಿನ ಆರಂಭ 1947ರಲ್ಲಿ: ಕ್ಲೀವ್‌ಲ್ಯಾಂಡ್ ತಂಡ ಟೂಸಾನ್‌ಗೂ ನ್ಯೂಯಾರ್ಕ್ ಜೈಂಟ್ಸ್ ತಂಡ ಫೀನಿಕ್ಸ್‌ಗೂ ಬಂದವು. ಈ ಜೈಂಟ್ಸ್ ತಂಡವೇ 1958ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊಗೆ ಸ್ಥಳಾಂತರಗೊಂಡಿತು. ಗೊಂಬೆಯ ಕಥೆಯಲ್ಲೂ ಅದು ಮತ್ತೆ ಬರುತ್ತದೆ.

ವಸಂತದ ನೆನಪುಗಳೆಲ್ಲ ಸಿಹಿಯಲ್ಲ. 1946ರ ಮಾರ್ಚ್‌ನಲ್ಲಿ, ಮರುವರ್ಷ ಆಧುನಿಕ ಮೇಜರ್ ಲೀಗಿನ ಮೊದಲ ಕಪ್ಪು ಆಟಗಾರನಾಗಲಿದ್ದ ಜಾಕಿ ರಾಬಿನ್ಸನ್ ಬ್ರೂಕ್ಲಿನ್‌ನ ಅಧೀನ ತಂಡವಾದ ಮಾಂಟ್ರಿಯಾಲ್ ರಾಯಲ್ಸ್ ಪರವಾಗಿ ಫ್ಲೋರಿಡಾದಲ್ಲಿ ತಾಲೀಮಿಗೆ ಬಂದಾಗ, ಸ್ಯಾನ್‌ಫರ್ಡ್ ಎಂಬ ಊರಿನಿಂದ ಅವರನ್ನು ಬೆದರಿಸಿ ಹೊರಡಿಸಲಾಯಿತು. ಜಾಕ್ಸನ್‌ವಿಲ್‌ನಲ್ಲಿ ಕಪ್ಪು ಆಟಗಾರನಿದ್ದಾನೆಂಬ ಕಾರಣಕ್ಕೆ ಪಂದ್ಯವನ್ನೇ ರದ್ದು ಮಾಡಲಾಯಿತು. ಅವರಿಗೆ ಆಡಲು ಅವಕಾಶ ಕೊಟ್ಟದ್ದು ಡೇಟೋನಾ ಬೀಚ್. ಅಂದು ಅವರು ಆಡಿದ ಕ್ರೀಡಾಂಗಣಕ್ಕೆ ಇಂದು ಅವರದೇ ಹೆಸರಿದೆ. ಮೇಜರ್ ಲೀಗಿನ ಎರಡು ಭಾಗಗಳಲ್ಲೊಂದಾದ ಅಮೆರಿಕನ್ ಲೀಗಿನ ಮೊದಲ ಕಪ್ಪು ಆಟಗಾರ ಲ್ಯಾರಿ ಡೋಬಿ ಕ್ಲೀವ್‌ಲ್ಯಾಂಡ್ ತಂಡದೊಂದಿಗೆ ಟೂಸಾನ್‌ಗೆ ಬಂದಾಗಲೂ ತಂಡ ಇಳಿದುಕೊಂಡ ಹೋಟೆಲಿನಲ್ಲಿ ಅವರಿಗೆ ಕೋಣೆ ಇರಲಿಲ್ಲ. ಲೆಕ್ಕಕ್ಕಿಲ್ಲದ ಪಂದ್ಯಗಳು ಇತಿಹಾಸದ ಲೆಕ್ಕಕ್ಕೆ ಬಂದದ್ದು ಹೀಗೆ.

ಈಗಿನ ಅಭಿಮಾನಿಗೆ ಅಲ್ಲಿ ಸಿಗುವುದೇನು? ಮೊಟ್ಟಮೊದಲನೆಯದು ಹತ್ತಿರ. ಸ್ಯಾನ್ ಫ್ರಾನ್ಸಿಸ್ಕೊದ ದೊಡ್ಡ ಕ್ರೀಡಾಂಗಣದಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಜನ ಕೂರುತ್ತಾರೆ. ಅದೇ ತಂಡ ವಸಂತದಲ್ಲಿ ಆಡುವ ಅರಿಜೋನಾದ ಸ್ಕಾಟ್ಸ್‌ಡೇಲ್ ಕ್ರೀಡಾಂಗಣದಲ್ಲಿ ಹಿಡಿಸುವುದು ಸುಮಾರು ಹನ್ನೆರಡು ಸಾವಿರ. ಅಂಗಣದ ಹೊರವಲಯದಲ್ಲಿ ಹುಲ್ಲಿನ ಇಳಿಜಾರು; ಅಲ್ಲಿ ಜಮಖಾನ ಹಾಸಿಕೊಂಡು, ಮಕ್ಕಳನ್ನು ಉರುಳಾಡಲು ಬಿಟ್ಟು, ನೆಲದ ಮೇಲೆಯೇ ಕುಳಿತು ಪಂದ್ಯ ನೋಡಬಹುದು. ಪಂದ್ಯಕ್ಕೆ ಮೊದಲು ಆಟಗಾರರು ಬೇಲಿಯ ಪಕ್ಕ ಬಂದು ಹಸ್ತಾಕ್ಷರ ಹಾಕುತ್ತಾರೆ. ಅರಿಜೋನಾದ ಇನ್ನೊಂದು ಅನುಕೂಲವೆಂದರೆ 15 ತಂಡಗಳ ಹತ್ತು ಕ್ರೀಡಾಂಗಣಗಳೂ ಫೀನಿಕ್ಸ್ ನಗರದ ಸುತ್ತಮುತ್ತಲೇ ಇವೆ. ಐದನ್ನು ಎರಡೆರಡು ತಂಡಗಳು ಹಂಚಿಕೊಂಡಿವೆ. ಮಧ್ಯಾಹ್ನ ಒಂದು ಪಂದ್ಯ ನೋಡಿ ಸಂಜೆ ಇನ್ನೊಂದಕ್ಕೆ ಹೋಗಬಹುದು. ಫ್ಲೋರಿಡಾದಲ್ಲಿ ಕ್ರೀಡಾಂಗಣಗಳು ಎರಡೂ ಕರಾವಳಿಗಳಲ್ಲಿ ಚದುರಿರುವುದರಿಂದ ತಂಡಗಳೂ ಅಭಿಮಾನಿಗಳೂ ಬಸ್ಸಿನಲ್ಲಿ, ಕಾರಿನಲ್ಲಿ ಗಂಟೆಗಟ್ಟಲೆ ಕಳೆಯುತ್ತಾರೆ.

ಇಲ್ಲಿ ಪಂದ್ಯ ನೋಡುವ ಕ್ರಮವೇ ಬೇರೆ. ಪ್ರಸಿದ್ಧ ಆಟಗಾರರು ಎರಡು ಮೂರು ಬಾರಿ ಬ್ಯಾಟ್ ಹಿಡಿದು ಐದನೆಯ ಇನ್ನಿಂಗ್ಸ್ ಹೊತ್ತಿಗೆ ಸ್ನಾನಕ್ಕೆ ಹೋಗಿಬಿಡುತ್ತಾರೆ. ಆಮೇಲೆ ಬೆನ್ನ ಮೇಲೆ 78, 91 ಎಂಬಂಥ ಸಂಖ್ಯೆ ಹೊತ್ತ, ಹೆಸರೇ ಕೇಳಿರದ ಹುಡುಗರು ಬರುತ್ತಾರೆ. ನಿಜವಾದ ನಾಟಕ ಇರುವುದು ಇವರಲ್ಲಿ. ಋತು ಆರಂಭವಾದಾಗ ಮುಖ್ಯ ತಂಡದಲ್ಲಿ ಇರುವುದು 26 ಸ್ಥಾನ. ತಾಲೀಮಿಗೆ ಬಂದವರು ಅದರ ಎರಡು ಪಟ್ಟಿಗೂ ಹೆಚ್ಚು. ಸೂಪರ್‌ಸ್ಟಾರ್ ಸೊನ್ನೆ ಹೊಡೆದರೂ ಅವನ ಜಾಗ ಗಟ್ಟಿ; 91ನೆಯ ಸಂಖ್ಯೆಯವನಿಗೆ ಪ್ರತಿ ಚೆಂಡೂ ಪರೀಕ್ಷೆಯೇ. ಆಟ ಲೆಕ್ಕಕ್ಕಿಲ್ಲ ಎನ್ನುವ ಮಾತು ಅವನಿಗೆ ಹೇಳುವಂಥದ್ದಲ್ಲ. ಇನ್ನೊಂದು ಸೋಜಿಗ: ಮೇಜರ್ ಲೀಗ್ ಆಟಗಾರರ ಸಂಬಳ ಲೆಕ್ಕವಾಗುವುದು ನಿಯಮಿತ ಋತುವಿನ ದಿನಗಳಿಗೆ ಮಾತ್ರ. ತಾಲೀಮಿನ ವಾರಗಳಲ್ಲಿ ಅವರಿಗೆ ಸಿಗುವುದು ಊಟ ವಸತಿಯ ಭತ್ಯೆ. 1946ರಲ್ಲಿ ಆಟಗಾರರ ಸಂಘ ಕಟ್ಟಲು ಹೊರಟು ಸೋತ ರಾಬರ್ಟ್ ಮರ್ಫಿ ಎಂಬುವರ ಹೋರಾಟದ ಫಲವಾಗಿ ದೊರೆತ ಆ ಹಣವನ್ನು ಇಂದಿಗೂ ‘ಮರ್ಫಿ ದುಡ್ಡು’ ಎನ್ನುತ್ತಾರೆ.

ಲೆಕ್ಕಕ್ಕಿಲ್ಲದ ಆಟಕ್ಕೆ ಮತ್ತೊಂದು ಉಪಯೋಗವೂ ಇದೆ. ಹೊಸ ನಿಯಮಗಳನ್ನು ಇಲ್ಲಿ ಹದ ನೋಡಬಹುದು. ಪಿಚರ್ ನಿಗದಿತ ಸೆಕೆಂಡುಗಳೊಳಗೆ ಎಸೆಯಬೇಕು, ಎಂಟು ಸೆಕೆಂಡು ಉಳಿದಿರುವಾಗ ಬ್ಯಾಟರ್ ಸಿದ್ಧನಾಗಿ ನಿಂತಿರಬೇಕು ಎನ್ನುವ ಗಡಿಯಾರದ ನಿಯಮ ಮೇಜರ್ ಲೀಗಿಗೆ ಬಂದದ್ದು 2023ರಲ್ಲಿ. ಆ ವರ್ಷದ ಫೆಬ್ರುವರಿ 25ರಂದು ಅಟ್ಲಾಂಟಾ ಮತ್ತು ಬಾಸ್ಟನ್ ತಂಡಗಳು 6-6ರಲ್ಲಿ ಸಮವಾಗಿದ್ದವು. ಒಂಬತ್ತನೆಯ ಇನ್ನಿಂಗ್ಸ್, ಇಬ್ಬರು ಔಟ್, ಮೂರೂ ಬೇಸ್‌ಗಳಲ್ಲಿ ಓಟಗಾರರು, ಬ್ಯಾಟರ್‌ಗೆ ಉಳಿದದ್ದು ಒಂದೇ ಸ್ಟ್ರೈಕ್ (ಮೂರು ಸ್ಟ್ರೈಕ್ ಆದರೆ ಔಟ್). ಅಟ್ಲಾಂಟಾದ ಯುವ ಬ್ಯಾಟರ್ ಸಮಯಕ್ಕೆ ಸರಿಯಾಗಿ ಸಿದ್ಧನಾಗಿರಲಿಲ್ಲವೆಂದು ಅಂಪೈರ್ ಸ್ಟ್ರೈಕ್ ಘೋಷಿಸಿದರು. ಚೆಂಡು ಎಸೆಯದೆಯೇ ಪಂದ್ಯ ಮುಗಿಯಿತು, ಅದೂ ಸಮನಾಗಿ. ಇದೇ ಘಟನೆ, ಋತುವಿನ ಕೊನೆಗೆ ಪ್ರಶಸ್ತಿಗಾಗಿ ನಡೆಯುವ ವಿಶ್ವ ಸರಣಿಯ ಕೊನೆಯ ಪಂದ್ಯದಲ್ಲಿ ನಡೆದಿದ್ದರೆ ಏನಾಗುತ್ತಿತ್ತೆಂದು ಊಹಿಸಿಕೊಂಡರೆ ತಾಲೀಮಿನ ಬೆಲೆ ತಿಳಿಯುತ್ತದೆ. ಅಂಪೈರ್‌ನ ಸ್ಟ್ರೈಕ್ ತೀರ್ಪನ್ನು ಕ್ಯಾಮೆರಾ ವ್ಯವಸ್ಥೆಯ ಮುಂದೆ ಪ್ರಶ್ನಿಸುವ ಪದ್ಧತಿಯೂ 2025ರ ವಸಂತದಲ್ಲಿ ಪ್ರಯೋಗಗೊಂಡು, 2026ರ ಋತುವಿಗೆ ಅಂಗೀಕಾರವಾಯಿತು.

ಅರಿಜೋನಾಕ್ಕೋ ಫ್ಲೋರಿಡಾಕ್ಕೋ ಹೋಗಲಾಗದವರಿಗಾಗಿ ತವರು ನಗರದಲ್ಲಿಯೇ ಏರ್ಪಡಿಸುವ ಮೇಳವೇ ಫ್ಯಾನ್‌ಫೆಸ್ಟ್. ಷಿಕಾಗೊದ ಕಬ್ಸ್ ತಂಡ 1986ರ ಜನವರಿಯಲ್ಲಿ ಹೋಟೆಲೊಂದರಲ್ಲಿ ಅಭಿಮಾನಿಗಳ ಸಮಾವೇಶ ನಡೆಸಿ ಇದಕ್ಕೆ ದಾರಿ ಹಾಕಿತು. ಆಟಗಾರರ ಜೊತೆ ಸಂವಾದ, ಹಸ್ತಾಕ್ಷರ, ಹಳೆಯ ಸಾಮಗ್ರಿಗಳ ಮಾರಾಟ, ಕ್ರೀಡಾಂಗಣದಲ್ಲಾದರೆ ಹುಲ್ಲಿನ ಮೇಲೆ ನಡೆಯುವ ಅವಕಾಶ, ಮಕ್ಕಳಿಗೆ ಬೇಸ್‌ನಿಂದ ಬೇಸ್‌ಗೆ ಓಡುವ ಖುಷಿ. ಬೆಂಗಳೂರಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಐಪಿಎಲ್‌ಗೆ ಮುನ್ನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆಯುವ ಆರ್‌ಸಿಬಿ ಅನ್‌ಬಾಕ್ಸ್ ಇದೇ ಜಾತಿಯ ಹಬ್ಬ: 2023ರಲ್ಲಿ ಅಲ್ಲಿ ಡಿವಿಲಿಯರ್ಸ್ ಮತ್ತು ಗೇಲ್ ಅವರ 17 ಮತ್ತು 333ನೆಯ ಜೆರ್ಸಿಗಳಿಗೆ ಶಾಶ್ವತ ನಿವೃತ್ತಿ ನೀಡಲಾಯಿತು, 2024ರಲ್ಲಿ ತಂಡದ ಹೆಸರಿನ ‘ಬ್ಯಾಂಗಲೋರ್’ ಹೋಗಿ ‘ಬೆಂಗಳೂರು’ ಬಂದಿತು. ಒಂದು ಚೆಂಡೂ ಎಸೆಯದ ಸಂಜೆಗೆ ಕ್ರೀಡಾಂಗಣ ತುಂಬುವುದೇಕೆಂದು ಕೇಳುವವರು ಆ ಸಂಜೆ ಅಲ್ಲಿಗೆ ಹೋಗಿರಲಿಕ್ಕಿಲ್ಲ.

ಇದೇ ಚಳಿಗಾಲದ ಕೊನೆಯಲ್ಲಿ ಹೊರಬೀಳುವ ಮತ್ತೊಂದು ಪ್ರಕಟಣೆ ಇದೆ. ಗೊಂಬೆ ಕಥೆ ಅಲ್ಲಿಂದ ಶುರು. ಪ್ರತಿ ತಂಡವೂ ಮುಂಬರುವ ಋತುವಿನಲ್ಲಿ ಯಾವ ದಿನ ಏನನ್ನು ಹಂಚಲಾಗುವುದೆಂಬ ಪಟ್ಟಿಯನ್ನು ಬಿಡುಗಡೆ ಮಾಡುತ್ತದೆ. ಟೋಪಿ, ಜೆರ್ಸಿ, ಕಂಬಳಿ, ಚೀಲ, ಇವೆಲ್ಲ ಇರುತ್ತವೆ. ಆದರೆ ಕಣ್ಣು ಹೋಗುವುದು ಬಾಬಲ್‌ಹೆಡ್ ಎಂಬ ತಲೆಯಾಡಿಸುವ ಗೊಂಬೆ ಯಾರದು, ಯಾವ ದಿನ ಎಂಬುದರ ಕಡೆಗೆ. ಎದುರಾಳಿ ಯಾರೆಂದು ನೋಡದೆ, ಪಿಚರ್ ಯಾರೆಂದು ಕೇಳದೆ, ಈ ಪಟ್ಟಿಯೊಂದನ್ನೇ ಮುಂದಿಟ್ಟುಕೊಂಡು ವರ್ಷದ ಟಿಕೆಟ್ ಆರಿಸುವ ಅಭಿಮಾನಿಗಳಿದ್ದಾರೆ. ಪಂಚಾಂಗ ಬಂದೊಡನೆ ಯುಗಾದಿ, ಗೌರಿ ಹಬ್ಬ ಯಾವ ವಾರ ಬೀಳುತ್ತದೆಂದು ಮೊದಲು ನೋಡುವವರಿಗೆ ಈ ಮನಸ್ಥಿತಿ ಅಪರಿಚಿತವಲ್ಲ.

ಬಂದವರಿಗೆ ಏನಾದರೂ ಕೊಟ್ಟು ಕಳಿಸುವ ಯೋಚನೆಯನ್ನು ಬೇಸ್‌ಬಾಲ್‌ನಲ್ಲಿ ಊರಿಗೆಲ್ಲ ಹಬ್ಬಿಸಿದವರಲ್ಲಿ ಮುಖ್ಯರು ಬಿಲ್ ವೆಕ್. ಕ್ಲೀವ್‌ಲ್ಯಾಂಡ್ ತಂಡವನ್ನು ಅರಿಜೋನಾಕ್ಕೆ ಕರೆತಂದ ಮಾಲೀಕರೂ ಇವರೇ. 1950ರ ದಶಕದ ಆರಂಭದಲ್ಲಿ ಸೇಂಟ್ ಲೂಯಿಸ್ ಬ್ರೌನ್ಸ್ ಎಂಬ ಸೋತು ಸುಣ್ಣವಾದ ತಂಡದ ಒಡೆಯರಾಗಿದ್ದಾಗ ಅವರು ಮಕ್ಕಳಿಗೆ ಬ್ಯಾಟ್ ಹಂಚಿದರು. ಅವರ ತರ್ಕ ಸರಳ: ತಂಡ ಗೆಲ್ಲುತ್ತದೆಂದು ಭರವಸೆ ಕೊಡಲಾಗದು, ಬರಿಗೈಯಲ್ಲಿ ಕಳಿಸುವುದಿಲ್ಲವೆಂದು ಕೊಡಬಹುದು. ಕ್ರೀಡಾಂಗಣದ ಕುರ್ಚಿ ಬಾಳೆಹಣ್ಣಿಗಿಂತ ಬೇಗ ಕೆಡುವ ಸರಕು. ಪಂದ್ಯ ಮುಗಿದ ಮೇಲೆ ಆ ದಿನದ ಖಾಲಿ ಕುರ್ಚಿಯನ್ನು ಮಾರುವಂತಿಲ್ಲ. ಹೆಚ್ಚುವರಿ ಒಬ್ಬ ಪ್ರೇಕ್ಷಕ ಬಂದರೆ ತಂಡಕ್ಕಾಗುವ ಖರ್ಚು ಅಷ್ಟಕ್ಕಷ್ಟೆ. ಅವನು ಟಿಕೆಟ್ಟಿನ ಜೊತೆಗೆ ವಾಹನ ನಿಲ್ಲಿಸಲು, ಹಾಟ್‌ಡಾಗ್ ತಿನ್ನಲು, ಬಿಯರ್ ಕುಡಿಯಲು ಹಣ ಕೊಡುತ್ತಾನೆ. ಸಗಟಿನಲ್ಲಿ ಕೊಂಡರೆ ಕೆಲವೇ ಡಾಲರಿಗೆ ಸಿಗುವ ಗೊಂಬೆ ಅವನನ್ನು ಮಂಗಳವಾರ ಸಂಜೆ ಎಳೆದು ತರುವುದಾದರೆ ನಷ್ಟವೆಲ್ಲಿ? ಅನೇಕ ಬಾರಿ ಆ ಕೆಲವು ಡಾಲರನ್ನೂ ತಂಡ ತೆರುವುದಿಲ್ಲ. ಡಬ್ಬಿಯ ಮೇಲೆ ಹೆಸರು ಅಚ್ಚು ಹಾಕಿಸಿಕೊಳ್ಳುವ ಬ್ಯಾಂಕೋ ವಿಮೆ ಕಂಪನಿಯೋ ತೆರುತ್ತದೆ.

ಹಂಚುವ ವಸ್ತುವನ್ನು ಆರಿಸುವಾಗ ಎಚ್ಚರ ತಪ್ಪಿದ ಪ್ರಸಂಗಗಳೂ ಇವೆ. 1974ರ ಜೂನ್ 4ರಂದು ಕ್ಲೀವ್‌ಲ್ಯಾಂಡ್‌ನಲ್ಲಿ ಹತ್ತು ಸೆಂಟಿಗೆ ಒಂದು ಲೋಟ ಬಿಯರ್ ಕೊಟ್ಟ ರಾತ್ರಿ ಜನ ಅಂಗಣಕ್ಕೆ ನುಗ್ಗಿ, ತವರು ತಂಡ ಪಂದ್ಯವನ್ನೇ ಬಿಟ್ಟುಕೊಡಬೇಕಾಯಿತು. 1979ರ ಜುಲೈ 12ರಂದು ಷಿಕಾಗೊದಲ್ಲಿ ಡಿಸ್ಕೊ ಹಾಡಿನ ತಟ್ಟೆಗಳನ್ನು ತಂದವರಿಗೆ ಅಗ್ಗದ ಪ್ರವೇಶ ಕೊಟ್ಟು, ಆ ತಟ್ಟೆಗಳನ್ನು ಮೈದಾನದ ನಡುವೆ ಸಿಡಿಸಿದಾಗಲೂ ಅದೇ ಗತಿ. ಆಗ ಆ ತಂಡದ ಮಾಲೀಕರಾಗಿದ್ದವರು ವೆಕ್ ಅವರೇ. 1995ರ ಆಗಸ್ಟ್ 10ರಂದು ಲಾಸ್ ಏಂಜಲೀಸ್‌ನ ಡಾಡ್ಜರ್ಸ್ ತಂಡ ಬಂದವರಿಗೆಲ್ಲ ಚೆಂಡು ಹಂಚಿತು. ಅಂಪೈರ್ ಮೇಲೆ ಸಿಟ್ಟು ಬಂದಾಗ ಕೈಯಲ್ಲಿ ಚೆಂಡಿರುವ ಸಾವಿರಾರು ಜನ ಏನು ಮಾಡುತ್ತಾರೆಂದು ಯಾರೂ ಯೋಚಿಸಿರಲಿಲ್ಲ. ಚೆಂಡುಗಳ ಮಳೆ ಸುರಿದು ಆ ಪಂದ್ಯವೂ ಎದುರಾಳಿಯ ಪಾಲಾಯಿತು. ಗೊಂಬೆಯನ್ನು ಮಾತ್ರ ಯಾರೂ ಸುಲಭವಾಗಿ ಎಸೆಯುವುದಿಲ್ಲ. ಅದರ ಯಶಸ್ಸಿಗೆ ಇದೂ ಒಂದು ಕಾರಣವಿರಬೇಕೆಂದು ನನಗೆ ಅನಿಸುತ್ತದೆ.

ತಲೆಯಾಡಿಸುವ ಗೊಂಬೆ ನಮಗೆ ಹೊಸತಲ್ಲ. ತಂಜಾವೂರಿನ ಗೊಂಬೆ ಕತ್ತು, ಸೊಂಟ ಎರಡನ್ನೂ ಆಡಿಸುತ್ತ ನಮ್ಮ ಅನೇಕ ಮನೆಗಳ ಗಾಜಿನ ಕಪಾಟಿನಲ್ಲಿ ನಿಂತಿದೆ. ಅಮೆರಿಕದ ಬೇಸ್‌ಬಾಲ್‌ಗೆ ಇದು ಬಂದದ್ದು 1960ರ ಹೊತ್ತಿಗೆ, ಜಪಾನಿನಿಂದ. ಕಾಗದದ ಮುದ್ದೆಯಿಂದ ಮಾಡಿದ ಆ ಗೊಂಬೆಗಳು ಮುಟ್ಟಿದರೆ ಮುಕ್ಕಾಗುವಂಥವು. ಎಲ್ಲ ತಂಡಗಳಿಗೂ ಒಂದೇ ದುಂಡು ಮುಖ, ಟೋಪಿ ಮತ್ತು ಬಣ್ಣ ಮಾತ್ರ ಬೇರೆ. ಅವನ್ನು ಮಾರುತ್ತಿದ್ದರು, ಹಂಚುತ್ತಿರಲಿಲ್ಲ. ಸ್ವಲ್ಪದರಲ್ಲೇ ಮಿಕ್ಕಿ ಮ್ಯಾಂಟಲ್, ರಾಜರ್ ಮ್ಯಾರಿಸ್, ರಾಬರ್ಟೊ ಕ್ಲೆಮೆಂಟೆ, ವಿಲ್ಲಿ ಮೇಸ್ ಎಂಬ ನಾಲ್ವರು ಆಟಗಾರರ ಹೆಸರಿನ ಗೊಂಬೆಗಳು ಬಂದವು. ಎಪ್ಪತ್ತರ ದಶಕದ ನಡುವಿಗೆ ಆ ಹುರುಪು ಇಳಿಯಿತು.

ಮತ್ತೆ ಏರಿದ್ದು 1999ರ ಮೇ 9ರಂದು. ಜೈಂಟ್ಸ್ ತಂಡ ಕ್ಯಾಂಡಲ್‌ಸ್ಟಿಕ್ ಪಾರ್ಕ್ ಎಂಬ ತನ್ನ ಹಳೆಯ, ಗಾಳಿ ಹೊಡೆಯುವ ಕ್ರೀಡಾಂಗಣದಲ್ಲಿ ಕೊನೆಯ ಋತು ಆಡುತ್ತಿತ್ತು. ಅಂದು ಮೊದಲು ಬಂದ 20,000 ಮಂದಿಗೆ ವಿಲ್ಲಿ ಮೇಸ್ ಅವರ ಗೊಂಬೆಯನ್ನು ಪುಕ್ಕಟೆಯಾಗಿ ಕೊಡಲಾಯಿತು. ಮೇಸ್ 660 ಹೋಮ್ ರನ್ ಹೊಡೆದವರು, ತಂಡದೊಂದಿಗೆ ನ್ಯೂಯಾರ್ಕ್‌ನಿಂದ ಪಶ್ಚಿಮಕ್ಕೆ ಬಂದವರು; ಅವರ ಆಟವನ್ನು ಕಂಡ ಅಜ್ಜಂದಿರೂ ಕಥೆ ಕೇಳಿದ ಮೊಮ್ಮಕ್ಕಳೂ ಒಂದೇ ಸಾಲಿನಲ್ಲಿ ನಿಂತರು. ಉಳಿದ ತಂಡಗಳು ಇದನ್ನು ಗಮನಿಸಿದವು, ಮತ್ತು ಕೆಲವೇ ವರ್ಷಗಳಲ್ಲಿ ಬಾಬಲ್‌ಹೆಡ್ ಇಲ್ಲದ ತಂಡ ಉಳಿಯಲಿಲ್ಲ. ಇಂದು ಮಿಲ್ವಾಕಿ ನಗರದಲ್ಲಿ ಈ ಗೊಂಬೆಗಳಿಗೇ ಮೀಸಲಾದ ವಸ್ತುಸಂಗ್ರಹಾಲಯವಿದೆ. ಅದು ತೆರೆದದ್ದು 2019ರ ಫೆಬ್ರುವರಿಯಲ್ಲಿ.

ಗೊಂಬೆ ತಯಾರಾಗುವ ಬಗೆ ತಿಳಿದರೆ ಅದರ ಹಂಚಿಕೆಯ ಎಡವಟ್ಟುಗಳೂ ಅರ್ಥವಾಗುತ್ತವೆ. ಆಟಗಾರನ ಛಾಯಾಚಿತ್ರಗಳನ್ನು ನೋಡಿ ಶಿಲ್ಪಿಯೊಬ್ಬ ಮಾದರಿ ಮಾಡುತ್ತಾನೆ. ತಂಡ ತಿದ್ದುಪಡಿ ಹೇಳಿ ಒಪ್ಪಿದ ಮೇಲೆ ಅಚ್ಚು ತಯಾರಾಗುತ್ತದೆ. ಕಲ್ಲಿನ ಪುಡಿ ಬೆರೆಸಿದ ರಾಳವನ್ನು ಅಚ್ಚಿಗೆ ಹೊಯ್ದು, ಒಣಗಿದ ಮೇಲೆ ಉಜ್ಜಿ, ಒಂದೊಂದಕ್ಕೂ ಕೈಯಿಂದ ಬಣ್ಣ ಹಚ್ಚುತ್ತಾರೆ. ದೇಹ ಮತ್ತು ತಲೆಯ ನಡುವೆ ಕೂರಿಸುವುದು ನಾವು ಮೊದಲೇ ಕಂಡ ಆ ಸುರುಳಿ, ನಿಜವಾದ ಸ್ಪ್ರಿಂಗು. ತಲೆಯನ್ನು ದೇಹಕ್ಕೆ ಮೀರಿ ದಪ್ಪ ಮಾಡುವುದು ತಮಾಷೆಗಾಗಿ ಅಷ್ಟೇ ಅಲ್ಲ. ತೂಕವಿದ್ದರೆ ತಲೆ ಹೆಚ್ಚು ಹೊತ್ತು ಆಡುತ್ತದೆ, ಮುಖ ದೊಡ್ಡದಾದರೆ ಹೋಲಿಕೆ ತರುವುದೂ ಸುಲಭ. ಕೆಲಸ ಹೆಚ್ಚಾಗಿ ನಡೆಯುವುದು ಚೀನಾದಲ್ಲಿ, ಬರುವುದು ಹಡಗಿನಲ್ಲಿ. ಹಾಗಾಗಿ ಬೇಸಗೆಯಲ್ಲಿ ಹಂಚುವ ಗೊಂಬೆಯ ನಿರ್ಧಾರ ಹಿಂದಿನ ಚಳಿಗಾಲದಲ್ಲೋ ಅದಕ್ಕೂ ಮೊದಲೋ ಆಗಿರುತ್ತದೆ. ಅಷ್ಟರಲ್ಲಿ ಆಟಗಾರನನ್ನು ಬೇರೆ ತಂಡಕ್ಕೆ ಕೊಟ್ಟಿರಬಹುದು, ಅವನು ಗಾಯಗೊಂಡಿರಬಹುದು, ಹಡಗು ತಡವಾಗಬಹುದು. ದಾರಿಯಲ್ಲಿ ಕಳ್ಳತನವೂ ಆಗಬಹುದು: 2024ರ ಮಾರ್ಚ್‌ನಲ್ಲಿ ಪಿಟ್ಸ್‌ಬರ್ಗ್‌ನ ಐಸ್ ಹಾಕಿ ತಂಡ ಹಂಚಬೇಕಿದ್ದ ಯಾರೋಮಿರ್ ಯಾಗರ್ ಅವರ ಗೊಂಬೆಗಳು ಕ್ಯಾಲಿಫೋರ್ನಿಯಾದಲ್ಲಿ ಕಳುವಾಗಿ, ತಂಡ ಬಂದವರಿಗೆ ಬರಿಯ ಚೀಟಿ ಕೊಡಬೇಕಾಯಿತು. 2020ರ ಮಾರ್ಚ್ 12ರಂದು ಕೋವಿಡ್ ಕಾರಣಕ್ಕೆ ವಸಂತದ ತಾಲೀಮು ನಿಂತು, ಆಮೇಲೆ 60 ಪಂದ್ಯಗಳ ಮೊಟಕು ಋತು ಪ್ರೇಕ್ಷಕರಿಲ್ಲದೆ ನಡೆದಾಗ, ಗೊಂಬೆಗಳಿದ್ದರೂ ತೆಗೆದುಕೊಳ್ಳುವ ಕೈಗಳಿರಲಿಲ್ಲ.

ಇನ್ನು ಸಾಲಿನ ಲೆಕ್ಕ. ನಮ್ಮ ಮದುವೆಮನೆಗಳಲ್ಲಿ ತಾಂಬೂಲದ ಚೀಲ ಸಿಗುವುದು ಹೊರಡುವಾಗ, ಬಂದ ಎಲ್ಲರಿಗೂ. ಬಾಬಲ್‌ಹೆಡ್ ಸಿಗುವುದು ಒಳಗೆ ಹೋಗುವಾಗ, ಮೊದಲು ಬಂದವರಿಗೆ. ಈ ಸಣ್ಣ ವ್ಯತ್ಯಾಸದಲ್ಲಿಯೇ ವ್ಯಾಪಾರದ ಗುಟ್ಟಿದೆ. ನಲವತ್ತು ಸಾವಿರ ಕುರ್ಚಿಯ ಕ್ರೀಡಾಂಗಣದಲ್ಲಿ ಇಪ್ಪತ್ತು ಸಾವಿರ ಗೊಂಬೆಗಳಿದ್ದರೆ ಅರ್ಧದಷ್ಟು ಜನ ಬರಿಗೈಯಲ್ಲಿ ಕೂರಬೇಕಾಗುತ್ತದೆ. ಆ ಅರ್ಧಕ್ಕೆ ಸೇರಬಾರದೆಂಬ ಆತಂಕದಿಂದ ಎಲ್ಲರೂ ಎರಡು ಮೂರು ಗಂಟೆ ಮೊದಲೇ ಬರುತ್ತಾರೆ, ಬೇಗ ಬಂದವರು ಒಳಗೆ ಹೆಚ್ಚು ಹೊತ್ತು ಕಳೆಯುತ್ತಾರೆ, ಹೆಚ್ಚು ತಿನ್ನುತ್ತಾರೆ. ಬೇಡಿಕೆ ನೋಡಿ ಟಿಕೆಟ್ ದರ ಏರಿಳಿಸುವ ವ್ಯವಸ್ಥೆಯನ್ನು ಜೈಂಟ್ಸ್ ತಂಡ 2009ರಲ್ಲೇ ಆರಂಭಿಸಿತು, ಉಳಿದ ತಂಡಗಳೂ ಹಿಂಬಾಲಿಸಿದವು. ಹೀಗಾಗಿ ಗೊಂಬೆ ದಿನದ ಟಿಕೆಟ್ಟು ಉಳಿದ ದಿನಗಳಿಗಿಂತ ದುಬಾರಿ. ಪುಕ್ಕಟೆ ಎಂಬ ಮಾತನ್ನು ಆ ಮಟ್ಟಿಗೆ ಅನುಮಾನದಿಂದಲೇ ಓದಿಕೊಳ್ಳಬೇಕು. ಕೈಗೆ ಬಂದ ಗೊಂಬೆಯನ್ನು ಅದೇ ಸಂಜೆ ಇ-ಬೇಯಲ್ಲಿ ಮಾರಾಟಕ್ಕಿಡುವವರೂ, ಒಂದಕ್ಕಿಂತ ಹೆಚ್ಚು ಟಿಕೆಟ್ ಕೊಂಡು ಗೇಟಿನಲ್ಲಿ ಮತ್ತೆ ಮತ್ತೆ ಕೈಯೊಡ್ಡುವವರೂ ಇದ್ದಾರೆ. ಗೊಂಬೆ ತೆಗೆದುಕೊಂಡು ಮೊದಲ ಚೆಂಡಿಗೂ ಕಾಯದೆ ಮನೆಗೆ ಹೋಗುವವರ ಬಗ್ಗೆ ನಿಷ್ಠಾವಂತ ಅಭಿಮಾನಿಗಳಿಗೆ ಇರುವ ಅಸಹನೆ, ಊಟ ಮುಗಿಸಿ ಮಾಂಗಲ್ಯಧಾರಣೆಗೆ ನಿಲ್ಲದೆ ಹೊರಡುವವರ ಬಗ್ಗೆ ನಮ್ಮ ಹಿರಿಯರಿಗೆ ಇರುವ ಅಸಹನೆಯಂಥದ್ದೇ.

ಈ ಉನ್ಮಾದ ತುತ್ತತುದಿ ಮುಟ್ಟಿದ್ದು ಡಾಡ್ಜರ್ಸ್ ತಂಡದ ಶೊಹೇ ಓಟಾನಿ ಅವರಿಂದ. 2024ರ ಆಗಸ್ಟ್ 28ರಂದು ಓಟಾನಿ ತಮ್ಮ ನಾಯಿ ಡೆಕಾಯ್‌ಯನ್ನು ಎತ್ತಿಕೊಂಡಿರುವ ಗೊಂಬೆಯನ್ನು 40,000 ಮಂದಿಗೆ ಹಂಚಲಾಯಿತು. ಜನ ಗಂಟೆಗಳ ಮೊದಲೇ ಸಾಲು ಹಚ್ಚಿದ್ದರು. ಪಂದ್ಯಕ್ಕೆ ಮುನ್ನದ ಸಾಂಕೇತಿಕ ಮೊದಲ ಚೆಂಡನ್ನು ಪಿಚರ್‌ನ ದಿಬ್ಬದಿಂದ ಬಾಯಲ್ಲಿ ಕಚ್ಚಿಕೊಂಡು ಓಡಿ ಯಜಮಾನನಿಗೆ ತಲುಪಿಸಿದ್ದು ಆ ನಾಯಿಯೇ. ಆಮೇಲೆ ಮೊದಲ ಇನ್ನಿಂಗ್ಸ್‌ನಲ್ಲಿ ತಂಡದ ಮೊದಲ ಬ್ಯಾಟರ್ ಆಗಿ ಬಂದ ಓಟಾನಿ ಹೋಮ್ ರನ್ ಹೊಡೆದರು. ತನ್ನ ಗೊಂಬೆಯ ದಿನ ಆಟಗಾರ ಮಿಂಚುತ್ತಾನೆಂಬ ನಂಬಿಕೆ ಅಲ್ಲಿನ ಅಭಿಮಾನಿಗಳಲ್ಲಿದೆ, ಮತ್ತು ಅದಕ್ಕೆ ಅದೇ ಕ್ರೀಡಾಂಗಣದಲ್ಲಿ ಇನ್ನೂ ಒಳ್ಳೆಯ ಸಾಕ್ಷಿಯಿದೆ. 2009ರ ಜುಲೈ 22 ಮ್ಯಾನಿ ರಮಿರೆಜ್ ಅವರ ಗೊಂಬೆಯ ದಿನ. ಹಿಂದಿನ ರಾತ್ರಿ ಕೈಗೆ ಪೆಟ್ಟಾಗಿದ್ದರಿಂದ ಅವರು ಆಡುವ ಹನ್ನೊಂದರ, ಅಲ್ಲ, ಬೇಸ್‌ಬಾಲ್ ಆದ್ದರಿಂದ ಒಂಬತ್ತರ ಬಳಗದಲ್ಲಿ ಇರಲಿಲ್ಲ. ಆರನೆಯ ಇನ್ನಿಂಗ್ಸ್‌ನಲ್ಲಿ ಮೂರೂ ಬೇಸ್ ತುಂಬಿದಾಗ ಬದಲಿ ಬ್ಯಾಟರ್ ಆಗಿ ಬಂದು, ಎದುರಿಸಿದ ಮೊದಲ ಚೆಂಡನ್ನೇ ಪ್ರೇಕ್ಷಕರ ನಡುವೆ ಹೊಡೆದು ನಾಲ್ಕು ರನ್ ತಂದರು. ತಮ್ಮ ಗೊಂಬೆಯ ದಿನ ಸೊನ್ನೆ ಹೊಡೆದವರ ಪಟ್ಟಿ ಇದಕ್ಕಿಂತ ಬಹಳ ಉದ್ದವಿರಬೇಕು. ಆದರೆ ಅದನ್ನು ಯಾರೂ ಹೇಳಿಕೊಂಡು ತಿರುಗುವುದಿಲ್ಲ.

ಸಂಗ್ರಹದ ದೃಷ್ಟಿಯಿಂದ ಗೊಂಬೆಗೆ ಒಂದು ವಿಶೇಷ ಸ್ಥಾನವಿದೆ. ಹಸ್ತಾಕ್ಷರವಿರುವ ಚೆಂಡು, ಆಡಿದ ಬ್ಯಾಟು ಮುಂತಾದವುಗಳಲ್ಲಿ ನಕಲಿ ಹಾವಳಿ ಎಷ್ಟಿತ್ತೆಂದರೆ, ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ದೊಡ್ಡ ಜಾಲವೊಂದನ್ನು ಬಯಲಿಗೆಳೆದ ನಂತರ ಮೇಜರ್ ಲೀಗ್ 2001ರಲ್ಲಿ ತನ್ನದೇ ದೃಢೀಕರಣ ವ್ಯವಸ್ಥೆ ಆರಂಭಿಸಿ, ಅಸಲಿ ವಸ್ತುಗಳಿಗೆ ಸಂಖ್ಯೆಯಿರುವ ಹೊಳೆಯುವ ಚೀಟಿ ಅಂಟಿಸತೊಡಗಿತು. ಗೊಂಬೆಗೆ ಅಂಥ ರಗಳೆಯಿಲ್ಲ. ಬಹುತೇಕ ಗೊಂಬೆಗಳ ಬೆಲೆ ನಕಲು ಮಾಡುವವನ ಖರ್ಚಿಗೂ ಸಾಲದು. ಅದರ ಮೌಲ್ಯ ಇರುವುದು ಜೋಡಣೆಯಲ್ಲಿ. ದಸರಾ ಬಂದಾಗ ಮೆಟ್ಟಿಲು ಕಟ್ಟಿ ಪಟ್ಟದ ಗೊಂಬೆಗಳ ಸುತ್ತ ವರ್ಷ ವರ್ಷವೂ ಕೂಡಿಸಿಟ್ಟ ಗೊಂಬೆಗಳನ್ನು ಕೂರಿಸಿ, ಇದು ಅಜ್ಜಿ ತಂದದ್ದು, ಇದು ಮೈಸೂರಿನ ವಸ್ತುಪ್ರದರ್ಶನದಲ್ಲಿ ಕೊಂಡದ್ದು ಎಂದು ಹೇಳುವವರಿಗೆ, ಬಾಬಲ್‌ಹೆಡ್‌ಗಳ ಸಾಲಿನ ಮುಂದೆ ನಿಂತು ಇದು ಮಗಳನ್ನು ಮೊದಲ ಸಲ ಕರೆದೊಯ್ದ ಪಂದ್ಯದ್ದು ಎನ್ನುವವನ ಮಾತು ತಕ್ಷಣ ತಿಳಿಯುತ್ತದೆ. ಒಂದು ವರ್ಷ ತಪ್ಪಿದರೆ ಸಾಲಿನಲ್ಲಿ ಕಿಂಡಿ ಬೀಳುತ್ತದೆ. ಆ ಕಿಂಡಿಯೇ ಮುಂದಿನ ಫೆಬ್ರುವರಿಯಲ್ಲಿ ಪಟ್ಟಿಗಾಗಿ ಕಾಯುವಂತೆ ಮಾಡುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಕನ್ನಡದ ಕುಟುಂಬಗಳಿಗೆ ಇದೆಲ್ಲ ಕೈಗೆಟಕುವ ದೂರದಲ್ಲಿದೆ. ಸ್ಯಾನ್ ಫ್ರಾನ್ಸಿಸ್ಕೊದಿಂದ ಫೀನಿಕ್ಸ್‌ಗೆ ಸುಮಾರು ಎರಡು ಗಂಟೆಯ ವಿಮಾನ ಪ್ರಯಾಣ. ಪ್ರಸಿದ್ಧ ಆಟಗಾರರನ್ನು ಹೆಚ್ಚು ಹೊತ್ತು ನೋಡಬೇಕಿದ್ದರೆ ಮಾರ್ಚ್‌ನ ಎರಡನೆಯ ಅರ್ಧದಲ್ಲಿ ಹೋಗುವುದು ಒಳ್ಳೆಯದು, ಏಕೆಂದರೆ ಋತು ಸಮೀಪಿಸಿದಂತೆ ಅವರು ಹೆಚ್ಚು ಇನ್ನಿಂಗ್ಸ್ ಆಡುತ್ತಾರೆ. ಹಸ್ತಾಕ್ಷರದ ಆಸೆಯಿದ್ದರೆ ಮೊದಲ ವಾರಗಳ ಬೆಳಗಿನ ಅಭ್ಯಾಸದ ಹೊತ್ತೇ ಸರಿ. ಇಳಿಜಾರಿನ ಟಿಕೆಟ್ ಅಗ್ಗ, ಬಿಸಿಲು ಮಾತ್ರ ಚುರುಕು. ಟೋಪಿ, ಹಾಸು ಎರಡನ್ನೂ ಒಯ್ಯಬೇಕು. ಚೆಂಡಿನ ಮೇಲೆ ಹಸ್ತಾಕ್ಷರ ಹಾಕಿಸಲು ದಪ್ಪ ಮಾರ್ಕರ್ ಬೇಡ, ಶಾಯಿ ಚರ್ಮದಲ್ಲಿ ಹರಡುತ್ತದೆ. ನೀಲಿ ಬಾಲ್‌ಪೆನ್ನು ಸಾಕು. ತವರಿನ ಪಂದ್ಯಕ್ಕೆ ಗೊಂಬೆಗಾಗಿ ಹೋಗುವವರು ಗೇಟು ತೆರೆಯುವ ವೇಳೆಯನ್ನೂ ಎಷ್ಟು ಮಂದಿಗೆ ಗೊಂಬೆ ಎಂಬ ಸಂಖ್ಯೆಯನ್ನೂ ಮೊದಲೇ ನೋಡಿಕೊಳ್ಳಬೇಕು. ಗೊಂಬೆ ಸಿಕ್ಕ ಮೇಲೆ ಮಕ್ಕಳು ಅದನ್ನು ಅಲ್ಲಿಯೇ ಬಿಚ್ಚಿ ತಲೆ ತಟ್ಟಿಯೇ ತಟ್ಟುತ್ತಾರೆ, ತಡೆಯಬಾರದು. ಡಬ್ಬಿಯನ್ನು ಮಾತ್ರ ಎಸೆಯದೆ ಮಡಚಿ ಇಟ್ಟುಕೊಳ್ಳಿ. ಮುಂದೆಂದಾದರೂ ಮನೆ ಬದಲಿಸುವಾಗ ಆ ಕತ್ತನ್ನು ಉಳಿಸುವುದು ಅದೊಂದೇ.